ಯಾರೂ ತಡೆಯದ ಆಟಗಾರ

ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್‌ಗೆ ಬಂದು ಎರಡು ತಿಂಗಳಾಯಿತೆಂದೂ, ಸೋಮವಾರ ಕಚೇರಿಯಲ್ಲಿ ಎಲ್ಲರೂ ಶನಿವಾರದ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಮಾತನ್ನೇ ಆಡುವಾಗ ನಿಮಗೆ ಮಾತ್ರ ಒಬ್ಬರ ಮೇಲೊಬ್ಬರು ಬೀಳುವ ಗುಂಪಷ್ಟೇ ನೆನಪಿಗೆ ಬರುತ್ತದೆಂದೂ ಬರೆದು, ಈ ಆಟವನ್ನು ಹೇಗೆ ನೋಡಬೇಕೆಂದು ಕೇಳಿದ್ದೀರಿ. ಇದು ಸಣ್ಣ ಪ್ರಶ್ನೆಯಲ್ಲ. 1962ರಿಂದ ಇಲ್ಲಿನ ನೆಬ್ರಾಸ್ಕ ವಿಶ್ವವಿದ್ಯಾಲಯ ತಂಡದ ಮೈದಾನವಾದ ಮೆಮೋರಿಯಲ್ ಸ್ಟೇಡಿಯಂನ ಟಿಕೆಟ್‌ಗಳು ಪ್ರತಿ ಪಂದ್ಯಕ್ಕೂ ಪೂರ್ತಿ ಮಾರಾಟವಾಗುತ್ತ ಬಂದಿವೆ. ಈ ಆಟ ಅರ್ಥವಾದ ಮೇಲೆಯೇ ನನಗೂ ನೆರೆಹೊರೆಯವರೊಡನೆ ನಿಜವಾದ ಮಾತುಕತೆ ಶುರುವಾಯಿತು.

ಚೆಂಡು ಕೈಯಲ್ಲಿರುವ ತಂಡ ನಾಲ್ಕು ಯತ್ನಗಳಲ್ಲಿ 10 ಗಜ ಸಾಗಬೇಕೆಂಬುದು ನಿಮಗೆ ತಿಳಿದಿರಬಹುದು. ಚೆಂಡಿನ ಹಿಂದೆ ಕಣ್ಣು ಓಡಿಸುವುದನ್ನು ಕೆಲಕಾಲ ಬಿಟ್ಟು, ಮುಂದಿನ ಸಾಲಿನ ಐವರು ದಢೂತಿ ಆಟಗಾರರನ್ನು ಗಮನಿಸಿ. ಅವರು ಎದುರಾಳಿಗಳನ್ನು ದಾರಿಯಿಂದ ಸರಿಸುವ ಕೆಲಸಕ್ಕೆ ಬ್ಲಾಕಿಂಗ್ ಎಂದು ಹೆಸರು. ಕಬಡ್ಡಿಯಲ್ಲಿ ಹಿಡಿಯುವುದೇ ವಿದ್ಯೆ. ಇಲ್ಲಿ ಬ್ಲಾಕ್ ಮಾಡುವವನು ಎದುರಾಳಿಯನ್ನು ಹಿಡಿದೆಳೆದರೆ ಅದು ತಪ್ಪು, ಅದಕ್ಕೆ 10 ಗಜದ ದಂಡ.

ಎದುರಾಳಿಯ ನಡೆ ನೋಡಿ ಚೆಂಡನ್ನು ಏನು ಮಾಡಬೇಕೆಂದು ಆ ಕ್ಷಣದಲ್ಲೇ ನಿರ್ಧರಿಸುವ ಆಪ್ಷನ್ ಆಟದ ಸೊಗಸು ಒಂದು ಸರಳ ಲೆಕ್ಕದಲ್ಲಿದೆ. ಎರಡೂ ಕಡೆ ಹನ್ನೊಂದು ಜನರಿದ್ದರೂ, ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಇನ್ನೊಬ್ಬನ ಕೈಗೆ ಕೊಟ್ಟು ನಿಂತುಬಿಟ್ಟರೆ ಎದುರಾಳಿಗಳನ್ನು ತಡೆಯಲು ಉಳಿಯುವವರು ಒಂಬತ್ತೇ ಮಂದಿ. ಈ ಕೊರತೆಯನ್ನು ತುಂಬಲು ಎದುರಾಳಿಗಳಲ್ಲಿ ಒಬ್ಬಿಬ್ಬರನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಹಾಗೆ ಬಿಟ್ಟ ಮೊದಲನೆಯವನು ದೂರವಿದ್ದರೆ ಚೆಂಡು ನೇರ ಮುಂದಕ್ಕೆ ಓಡುವ ಫುಲ್‌ಬ್ಯಾಕ್‌ನ ಕೈಗೆ ಹೋಗುತ್ತದೆ; ಅವನು ಆ ಫುಲ್‌ಬ್ಯಾಕ್‌ನತ್ತ ನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತಾನೇ ಉಳಿಸಿಕೊಂಡು ಅಂಚಿನತ್ತ ಓಡುತ್ತಾನೆ. ಅಲ್ಲಿ ಎರಡನೆಯವನು ತನ್ನ ಮೇಲೆ ಬಂದರೆ ಪಕ್ಕದಲ್ಲಿ ತುಸು ಹಿಂದೆ ಓಡಿಬರುತ್ತಿರುವ ಸಂಗಡಿಗನಿಗೆ ಎಸೆಯುತ್ತಾನೆ, ಬಾರದಿದ್ದರೆ ತಾನೇ ಮುನ್ನುಗ್ಗುತ್ತಾನೆ. ಮೂರು ದಾರಿಗಳಿರುವುದರಿಂದ ಇದು ಟ್ರಿಪಲ್ ಆಪ್ಷನ್. ಯಾವ ಕೆಲಸವನ್ನು ಬಲದಿಂದ ಮಾಡಬೇಕಿತ್ತೋ, ಅದನ್ನು ಒಂದು ಕ್ಷಣದ ನಿರ್ಧಾರ ಮಾಡಿ ಮುಗಿಸುತ್ತದೆ. ಹೀಗೆ ಬಿಡುವಾದ ಬ್ಲಾಕರ್‌ಗಳು ಒಳಗಿನ ಒಬ್ಬನ ಮೇಲೆ ಇಬ್ಬರಾಗಿ ಬೀಳಬಹುದು, ಇಲ್ಲವೇ ಹಿಂದಿನ ಸಾಲಿನವರನ್ನು ಹುಡುಕಿಕೊಂಡು ಹೋಗಬಹುದು. ಹಿಂದಕ್ಕೆ ಎಸೆದ ಚೆಂಡು ನೆಲಕ್ಕೆ ಬಿದ್ದರೆ ಅದು ಯಾರಿಗೂ ಸಿಗಬಹುದೆಂಬ ಅಪಾಯವಂತೂ ಇದ್ದೇ ಇದೆ.

ಈ ಊರಿನವರು ಆಪ್ಷನ್ ಆಟವನ್ನು ನೆಚ್ಚಿದ್ದ ನೆಬ್ರಾಸ್ಕ ತಂಡದ ತರಬೇತುದಾರ ಟಾಮ್ ಆಸ್‌ಬರ್ನ್ ಅವರ ಕಾಲವನ್ನು ಏಕೆ ಅಷ್ಟು ಅಕ್ಕರೆಯಿಂದ ನೆನೆಯುತ್ತಾರೆಂದು ತಿಳಿಯಲು 1996ರ ಜನವರಿ 2ರಂದು ನಡೆದ, ಋತುವಿನ ಕೊನೆಯ ದೊಡ್ಡ ಪಂದ್ಯವಾದ ಫಿಯೆಸ್ಟಾ ಬೌಲ್ ಅನ್ನು ನೋಡಿ. ನೆಬ್ರಾಸ್ಕ ಫ್ಲಾರಿಡಾವನ್ನು 62–24ರಿಂದ ಸೋಲಿಸಿದ ಆ ರಾತ್ರಿ ತಂಡ ಓಟದಿಂದಲೇ 524 ಗಜ ಗಳಿಸಿತು, ಅದರಲ್ಲಿ 199 ಗಜ ಕ್ವಾರ್ಟರ್‌ಬ್ಯಾಕ್ ಟಾಮಿ ಫ್ರೇಜರ್‌ ಅವರದು. ಅವರು ಹಿಡಿತಗಳಿಂದ ಒಂದೊಂದಾಗಿ ಕಳಚಿಕೊಂಡು ಓಡಿದ 75 ಗಜಗಳನ್ನು ಎಲ್ಲರೂ ಕೊಂಡಾಡುತ್ತಾರೆ. ನಾನಂತೂ ಬ್ಲಾಕರ್‌ಗಳ ಕಾಲ್ಚಲನೆಯನ್ನು ನೋಡಲೆಂದೇ ಆ ಪಂದ್ಯಕ್ಕೆ ಮರಳುತ್ತೇನೆ.

ಮುಂದಿನ ಶನಿವಾರ ಚೆಂಡು ಹಿಂದಕ್ಕೆ ಬಂದೊಡನೆ ಎದುರಾಳಿ ಸಾಲಿನ ತುದಿಯಲ್ಲಿ ನಿಂತವನನ್ನು ನೋಡಿ. ಅವನನ್ನು ಯಾರೂ ಮುಟ್ಟದಿದ್ದರೆ, ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಅವನ ಭುಜದ ಮೇಲೆಯೇ ನೆಟ್ಟಿದೆಯೇ ಎಂದು ಗಮನಿಸಿ.