ಓದುಗರ ಪ್ರಶ್ನೆ: ಎಷ್ಟು ವಿಎ ಯುಪಿಎಸ್ ತಗೊಳ್ಳಲಿ?

ಪ್ರಶ್ನೆ: ಕಂಪ್ಯೂಟರ್, ಮಾನಿಟರ್, ರೂಟರ್ ಎಲ್ಲ ಸೇರಿ 195 ವ್ಯಾಟ್ ಎಳೆಯುತ್ತವೆ ಎಂದು ಪ್ಲಗ್ ಮೀಟರ್ ತೋರಿಸುತ್ತದೆ. ಕರೆಂಟ್ ಹೋದ ಮೇಲೂ 20 ನಿಮಿಷ ಕೆಲಸ ಮಾಡಬೇಕು. 600 ವಿಎ ಸಾಕೇ?

ಉತ್ತರ: ಲೋಡಿಗೆ ಸಾಕು, 20 ನಿಮಿಷಕ್ಕೆ ಸಾಲದು. ವಿಎ (ವೋಲ್ಟ್-ಆಂಪಿಯರ್) ಅಂಕಿ ನೋಡಿದರೆ ಯುಪಿಎಸ್ ಎಷ್ಟು ಲೋಡ್ ತಡೆಯುತ್ತದೆ ಎಂಬುದು ಗೊತ್ತಾಗುತ್ತದೆ, ಎಷ್ಟು ಹೊತ್ತು ಎಂಬುದು ಗೊತ್ತಾಗುವುದಿಲ್ಲ. ಹೊತ್ತು ನಿಂತಿರುವುದು ಬ್ಯಾಟರಿಯ ಮೇಲೆ.

ಮೊದಲು ಲೋಡ್. ಈ ಗಾತ್ರದ ಯುಪಿಎಸ್‌ಗಳಲ್ಲಿ 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್; ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ವ್ಯಾಟ್ ಅಂಕಿಯನ್ನೇ ನಂಬಿ. ನಿಮ್ಮ 195ಕ್ಕೆ ಕಾಲು ಭಾಗ ಸೇರಿಸಿದರೂ 245 ದಾಟುವುದಿಲ್ಲ.

ಇನ್ನು ಹೊತ್ತು. ಒಳಗಿರುವುದು ಬಹುತೇಕ 12 ವೋಲ್ಟ್, 7 ಎಎಚ್‌ನ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ) ಒಂದು ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್. ಆದರೆ ಅದು 20 ಗಂಟೆಯಲ್ಲಿ ನಿಧಾನಕ್ಕೆ ಖಾಲಿ ಮಾಡಿದಾಗಿನ ಲೆಕ್ಕ. ಬ್ಯಾಟರಿಯ ಡಿಸಿಯನ್ನು ಎಸಿ ಮಾಡುವ ಒಳಗಿನ ಇನ್ವರ್ಟರ್‌ನಲ್ಲಿ ಆಗುವ ನಷ್ಟವೂ ಸೇರಿ ನಿಮ್ಮ ಲೋಡ್ ಬ್ಯಾಟರಿಯಿಂದ ಸುಮಾರು 20 ಆಂಪಿಯರ್ ಎಳೆಯುತ್ತದೆ. ಅಷ್ಟು ಜೋರಾಗಿ ಎಳೆದರೆ ಸೀಸದ ಬ್ಯಾಟರಿ ಅರ್ಧಕ್ಕಿಂತ ಕಡಿಮೆಯನ್ನೇ ಕೊಡುತ್ತದೆ. ಹೊಸದರಲ್ಲೇ 8–10 ನಿಮಿಷ ಬಂದರೆ ಹೆಚ್ಚು.

12 ವೋಲ್ಟ್, 9 ಎಎಚ್‌ನ ಎರಡು ಬ್ಯಾಟರಿ ಇರುವ 24 ವೋಲ್ಟಿನ ಮಾದರಿ ಹುಡುಕಿ. ಅಲ್ಲಿ ಎಳೆತ ಸುಮಾರು 10 ಆಂಪಿಯರ್‌ಗೆ ಇಳಿಯುವುದರಿಂದ ಅರ್ಧ ಗಂಟೆಯ ಆಸುಪಾಸು ನಿಲ್ಲುತ್ತದೆ; ಬ್ಯಾಟರಿ ಹಳತಾಗಿ ಐದರಲ್ಲೊಂದು ಪಾಲು ಶಕ್ತಿ ಕಳೆದುಕೊಂಡರೂ 20 ನಿಮಿಷಕ್ಕೆ ಮೋಸವಿಲ್ಲ. ತಂದ ಮೇಲೆ ಪೂರ್ತಿ ಚಾರ್ಜ್ ಮಾಡಿ, ಫೈಲುಗಳನ್ನೆಲ್ಲ ಸೇವ್ ಮಾಡಿ, ಗೋಡೆಯ ಸ್ವಿಚ್ ಆರಿಸಿ ಸಮಯ ನೋಡಿ ಬರೆದಿಡಿ. ಆರು ತಿಂಗಳಿಗೊಮ್ಮೆ ಹೀಗೆ ನೋಡಿದರೆ ಬ್ಯಾಟರಿ ಬದಲಿಸುವ ಹೊತ್ತು ತಾನಾಗೇ ಗೊತ್ತಾಗುತ್ತದೆ.

ಪ್ರಶ್ನೆ: ಲೋಡ್ ಮಿತಿಯೊಳಗೇ ಇದೆ. ಆದರೂ ಕರೆಂಟ್ ಹೋದೊಡನೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಉತ್ತರ: ಕಂಪ್ಯೂಟರ್ ತೆಗೆದು, ಅಷ್ಟೇ ವ್ಯಾಟಿನ ಫಿಲಮೆಂಟ್ ಬಲ್ಬುಗಳನ್ನು ಯುಪಿಎಸ್‌ಗೆ ಹಾಕಿ ಸ್ವಿಚ್ ಆರಿಸಿ. ಬಲ್ಬೂ ಕೆಲವೇ ಕ್ಷಣದಲ್ಲಿ ಆರಿದರೆ ಬ್ಯಾಟರಿ ಸತ್ತಿದೆ. ಬಲ್ಬು ಉರಿಯುತ್ತಲೇ ಇದ್ದರೆ ಅನುಮಾನ ಯುಪಿಎಸ್ ಕೊಡುವ ಮೆಟ್ಟಿಲು ಆಕಾರದ ಅಲೆಯ ಮೇಲೆ, ಇಲ್ಲವೇ ಬ್ಯಾಟರಿಗೆ ಬದಲಾಗಲು ಅದು ತಗೊಳ್ಳುವ ಹೊತ್ತಿನ ಮೇಲೆ. ಆಕ್ಟಿವ್ ಪಿಎಫ್‌ಸಿ (ಎಳೆಯುವ ಕರೆಂಟನ್ನು ವೋಲ್ಟೇಜಿನ ಅಲೆಗೆ ಹೊಂದಿಸುವ ಸರ್ಕ್ಯೂಟ್) ಇರುವ ಕೆಲವು ಪವರ್ ಸಪ್ಲೈಗಳಿಗೆ ಆ ಅಲೆ ಒಗ್ಗುವುದಿಲ್ಲ. ಅಂಥವಕ್ಕೆ ಗೋಡೆಯ ಕರೆಂಟಿನಂತೆ ನುಣುಪಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಮಾದರಿಯೇ ಬೇಕು. ವಿಎ ಹೆಚ್ಚಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ಲೇಸರ್ ಪ್ರಿಂಟರನ್ನೂ ಸೇರಿಸಬಹುದೇ?

ಉತ್ತರ: ಬೇಡ. ಅದರೊಳಗಿನ ಹೀಟರ್ ಬಿಸಿಯಾಗುವಾಗ ನೂರಾರು ವ್ಯಾಟ್ ಒಮ್ಮೆಲೇ ಎಳೆದು ಯುಪಿಎಸ್ಸನ್ನೇ ಟ್ರಿಪ್ ಮಾಡೀತು. ನೇರ ಗೋಡೆಯ ಪ್ಲಗ್‌ಗೆ ಹಾಕಿ.

ಪ್ರಶ್ನೆ: 600 ವಿಎ ಯುಪಿಎಸ್‌ಗೆ ಹೊರಗಿನಿಂದ 100 ಎಎಚ್ ಬ್ಯಾಟರಿ ಕೊಟ್ಟರೆ?

ಉತ್ತರ: ಕೆಲವು ದಿನ ಓಡೀತು. ಒಳಗಿನ ಚಾರ್ಜರ್ ಕೊಡುವುದು ಒಂದು ಆಂಪಿಯರ್ ಆಸುಪಾಸು, ಅಂದರೆ ಖಾಲಿ ಬ್ಯಾಟರಿ ತುಂಬಲು ನಾಲ್ಕು ದಿನಕ್ಕೂ ಹೆಚ್ಚು. ಅರೆಬರೆ ಚಾರ್ಜಿನಲ್ಲೇ ಉಳಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಟ್ರಾನ್ಸ್‌ಫಾರ್ಮರ್ ಪಾಡು: ಕೆಲವೇ ನಿಮಿಷದ ಓಟಕ್ಕೆಂದು ಸುತ್ತಿದ್ದು ಗಂಟೆಗಟ್ಟಲೆ ಓಡಿದರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಗಂಟೆಗಟ್ಟಲೆ ಬೇಕಾದರೆ ಅದಕ್ಕೆಂದೇ ಮಾಡಿದ ಮನೆ ಇನ್ವರ್ಟರ್ ತಗೊಳ್ಳಿ.