ಸಂಪಾದಕರ ಉತ್ತರ: ಬಂಗುಡೆ ಬೆಳೆಯಲು ಬಿಡೋಣ

ಮಲ್ಪೆ ಹತ್ತಿರದ ಓದುಗರೊಬ್ಬರು ಬರೆದಿದ್ದಾರೆ: "ಪರಿಸರ ಉಳಿಸಿ ಎಂದು ಪ್ರತಿ ಸಂಚಿಕೆಯಲ್ಲೂ ಬರೆಯುತ್ತೀರಿ. ಮಳೆಗಾಲದಲ್ಲಿ 61 ದಿನ ಬೋಟ್ ನಿಲ್ಲಿಸುತ್ತಾರೆ. ಆದರೂ ಮತ್ಸ್ಯಕ್ಷಾಮ ಎಂಬ ಸುದ್ದಿ ತಪ್ಪುವುದಿಲ್ಲ. ಸಮುದ್ರವೇ ಬಿಸಿಯಾಗುತ್ತಿದೆಯಂತೆ, ಅದಕ್ಕೆ ಯಾರು ಏನು ಮಾಡಲು ಸಾಧ್ಯ? ಮಾರ್ಕೆಟಿನಿಂದ ಅರ್ಧ ಕಿಲೋ ಬಂಗುಡೆ ತರುವ ನನಗೂ ಇದಕ್ಕೂ ಏನು ಸಂಬಂಧ?"

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಸಂಬಂಧ ಇದೆ. ನೀವು ತರುವ ಬಂಗುಡೆಯ ಉದ್ದ ಎಷ್ಟು ಎಂಬುದರಲ್ಲೇ ಇದೆ. ಅಲ್ಲಿಗೆ ಬರುವ ಮೊದಲು ನಿಷೇಧದ ಬಗ್ಗೆ ಸ್ವಲ್ಪ ಹೇಳಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ದಡದಲ್ಲಿರುತ್ತವೆ. 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಇದು ಸುಮ್ನೆ ಮಾಡಿದ ನಿಯಮ ಅಲ್ಲ. ಮಳೆಗಾಲದ ಗಾಳಿಗೆ ನಮ್ಮ ಕರಾವಳಿಯಲ್ಲಿ ಸಮುದ್ರದ ಆಳದ ತಂಪು ನೀರು ಮೇಲೆ ಬರುತ್ತದೆ. ಅದರ ಜೊತೆ ಪೋಷಕಾಂಶವೂ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಒಮ್ಮೆಲೇ ಹೆಚ್ಚುತ್ತದೆ. ಬೂತಾಯಿ (ಸಾರ್ಡೀನ್ ಮೀನು) ಮುಖ್ಯವಾಗಿ ತಿನ್ನುವುದು ಅದನ್ನೇ. ಅದು ಹೆಚ್ಚಾಗಿ ಮೊಟ್ಟೆ ಇಡುವುದೂ ಇದೇ ತಿಂಗಳುಗಳಲ್ಲಿ. ತೂಫಾನ್ ಆಗಿ ಕಡಲು ಕದಡಿದರೆ ಮಾತ್ರ ಮೀನು ಎಂದು ನಾಡದೋಣಿಯವರು ಕಾಯುತ್ತಾರಲ್ಲ, ಅವರ ಅನುಭವದ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ. ಹಾಗಾಗಿ 61 ದಿನದ ರಜೆ ಬೇಕೇ ಬೇಕು. ಆದರೆ ಅದು ಕಾಯುವುದು ತಾಯಿಮೀನನ್ನು. ಜೂನ್, ಜುಲೈಯಲ್ಲಿ ಹುಟ್ಟಿದ ಮರಿಗಳನ್ನು ಆಗಸ್ಟ್ ನಂತರ ಕಾಯುವವರು ಯಾರು? ಮತ್ಸ್ಯಕ್ಷಾಮದ ಪ್ರಶ್ನೆಗೆ ನನ್ನ ಉತ್ತರ ಇರುವುದು ಇಲ್ಲಿ.

ಒಂದು ಕಾಲದಲ್ಲಿ ನಮ್ಮ ಕಡಲಿಗೆ ತಾನಾಗಿಯೇ ಒಂದು ಕಾವಲು ಇತ್ತು. ಹಿರಿಯರಿಗೆ ರಂಪಣಿ ನೆನಪಿರಬೇಕು. ದೋಣಿಯಲ್ಲಿ ಹೋಗಿ ಉದ್ದನೆಯ ಬಲೆ ಬಿಟ್ಟು ಬರುವುದು, ಊರಿನ ಹತ್ತಾರು ಜನ ದಡದಲ್ಲಿ ನಿಂತು ಎರಡೂ ಕಡೆಯಿಂದ ಎಳೆಯುವುದು. ಬಲೆಯಲ್ಲಿ ಪಾಲು, ಮೀನಲ್ಲಿ ಪಾಲು. ರಂಪಣಿ ಮರಿಮೀನು ಹಿಡಿಯುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಮೀನು ದಡದ ಹತ್ತಿರ ಬಂದರೆ ಮಾತ್ರ ಅದರ ಆಟ ನಡೆಯುತ್ತಿತ್ತು. ಬಾರದ ಮೀನು ಬದುಕುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು. ಮೀನಿನ ಗುಂಪು ದಡಕ್ಕೆ ಬರುವ ಮೊದಲೇ ಕಡಲಲ್ಲೇ ಸುತ್ತುಗಟ್ಟಿ ಎತ್ತಲು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಬಹುತೇಕ ನಿಂತವು. ಈಗ ಅಲ್ಲಲ್ಲಿ ಕೈರಂಪಣಿ ಉಳಿದಿದೆ, ಅಷ್ಟೆ.

ಹಳೆಯ ಕಾಲಕ್ಕೆ ಹೋಗೋಣ ಅನ್ನುತ್ತಿಲ್ಲ. ಬೋಟಿನಿಂದ ಮಲ್ಪೆಗೂ ಮಂಗಳೂರಿಗೂ ಅನ್ನ ಸಿಕ್ಕಿದೆ. ನನ್ನ ತಕರಾರು ಒಂದೇ. ದೂರದ ಮಿತಿ ಹೋದಾಗ ಗಾತ್ರದ ಮಿತಿಯನ್ನಾದರೂ ತರಬೇಕಿತ್ತು. ಅದನ್ನು ನಾವು ಗಟ್ಟಿಯಾಗಿ ತರಲಿಲ್ಲ.

ಲೆಕ್ಕ ನೋಡಿ. ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಬಂಗುಡೆ ಬೇಗ ಬೆಳೆಯುವ ಮೀನು. ಬೆರಳುದ್ದ ಇರುವಾಗ ಹಿಡಿದರೆ ಬುಟ್ಟಿ ತುಂಬಲು ಸಾವಿರಾರು ಬೇಕು, ರೇಟೂ ಇಲ್ಲ. ಅದೇ ಮರಿಗಳಿಗೆ ಕೆಲವು ತಿಂಗಳು ಕೊಟ್ಟರೆ ಒಂದಷ್ಟು ಸತ್ತರೂ ಉಳಿದವುಗಳ ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಮೇಲಾಗಿ ಅವುಗಳಿಗೆ ಮೊಟ್ಟೆ ಇಡುವ ಅವಕಾಶವೂ ಸಿಗುತ್ತದೆ. ಮರಿ ಹಿಡಿದರೆ ನಷ್ಟ ಮೊದಲು ಬೋಟಿನವರಿಗೇ.

ಹಾಗಿದ್ದರೂ ಯಾಕೆ ಹಿಡಿಯುತ್ತಾರೆ? ಡೀಸೆಲ್, ಐಸ್, ಕೂಲಿ, ಸಾಲದ ಕಂತು. ಹತ್ತು ದಿನ ಕಡಲಲ್ಲಿದ್ದು ಖಾಲಿ ಕೈಯಲ್ಲಿ ದಕ್ಕೆಗೆ (ಬೋಟು ನಿಲ್ಲುವ ಕಟ್ಟೆಗೆ) ಬರುವ ಧೈರ್ಯ ಯಾರಿಗಿದೆ? ಮರಿಮೀನಿಗೂ ಗಿರಾಕಿ ಇದ್ದಾರೆ. ಯಾರೂ ತಿನ್ನದ ಮೀನು, ಒಣಗಿಸಿ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಒಂದು ಕಿಲೋ ಪುಡಿಗೆ ಸುಮಾರು 4ರಿಂದ 5 ಕಿಲೋ ಹಸಿ ಮೀನು ಬೇಕು. ಆ ಪುಡಿ ಸಿಗಡಿ ಹೊಂಡಕ್ಕೆ, ಕೋಳಿ ಫಾರ್ಮಿಗೆ ಆಹಾರ. ತಲೆ, ಕರುಳು, ಉಳಿದ ತ್ಯಾಜ್ಯ ಅಲ್ಲಿಗೆ ಹೋಗಲಿ, ಒಳ್ಳೆಯದೇ. ನಾಳೆ ಊಟದ ತಟ್ಟೆಗೆ ಬರಬೇಕಾದ ಬಂಗುಡೆಯ ಮರಿ, ಕೊಡ್ಡಾಯಿಯ ಮರಿ ಅಲ್ಲಿಗೆ ಹೋಗುವುದನ್ನು ನಾನು ಒಪ್ಪಲಾರೆ. ಬೆಳಕು ಹಾಕಿ ಮೀನು ಸೇರಿಸಿ ಹಿಡಿಯುವುದೂ ಇದೇ ಸಾಲಿನದು. ಬೆಳಕಿಗೆ ದೊಡ್ಡದೂ ಬರುತ್ತದೆ, ಮರಿಯೂ ಬರುತ್ತದೆ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಈ ಲೈಟ್ ಫಿಶಿಂಗ್ ಮತ್ತು ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್ ಎರಡನ್ನೂ ನಿಷೇಧಿಸಿದೆ. ಆ ಆದೇಶ ಕಾಗದದಲ್ಲೇ ಉಳಿಯಬಾರದು ಎಂದು ನಾಡದೋಣಿಯವರು ಮತ್ತೆ ಮತ್ತೆ ಬೀದಿಗೆ ಇಳಿದಿದ್ದಾರೆ. ಅವರ ಕೂಗು ನ್ಯಾಯವಾದದ್ದು.

ಸಮುದ್ರ ಬಿಸಿಯಾಗುತ್ತಿದೆ ಎಂದಿರಿ. ನಿಜ, ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಬೂತಾಯಿಗೆ ಇದರ ಪೆಟ್ಟು ಜೋರು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,300 ಟನ್ನಿನಷ್ಟು. ಕಡಲು ಬಿಸಿಯಾದದ್ದು, ಪೆಸಿಫಿಕ್ ಸಾಗರ ಬಿಸಿಯೇರಿ ಹವಾಮಾನ ಏರುಪೇರಾಗುವ ಎಲ್ ನಿನೊ, ಅತಿಯಾಗಿ ಹಿಡಿದದ್ದು ಎಲ್ಲವೂ ಇದರ ಕಾರಣಗಳ ಪಟ್ಟಿಯಲ್ಲಿವೆ. ಬೂತಾಯಿ ಏರುವುದು, ಇಳಿಯುವುದು ಹಿಂದಿನಿಂದಲೂ ಇದೆ. ಕೆಟ್ಟ ವರ್ಷಗಳು ಮುಂದೆಯೂ ಬರುತ್ತವೆ. ಕೆಟ್ಟ ವರ್ಷ ದಾಟಿದ ಮೇಲೆ ಮೀನು ಮತ್ತೆ ಹೆಚ್ಚಬೇಕಾದರೆ ಮೊಟ್ಟೆ ಇಡುವ ಮೀನು ಕಡಲಲ್ಲಿ ಉಳಿದಿರಬೇಕು, ಅಲ್ವಾ? ಕಡಲಿನ ಬಿಸಿಯನ್ನು ಮಲ್ಪೆಯಲ್ಲಿ ಕೂತು ಇಳಿಸಲು ಆಗುವುದಿಲ್ಲ. ಮೀನು ಉಳಿಸುವುದು ಮಲ್ಪೆಯಿಂದಲೂ ಆಗುತ್ತದೆ, ದಕ್ಕೆಯಿಂದಲೂ ಆಗುತ್ತದೆ.

ಹೇಗೆ ಎಂದರೆ, ಮೊದಲು ಬಲೆ. ಬೋಟಿನ ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯ ಕೊನೆಯ ಚೀಲದಲ್ಲಿ ವಜ್ರಾಕಾರದ ಕಣ್ಣು (ತೂತು) ಇದ್ದರೆ ಎಳೆಯುವಾಗ ಅದು ಮುಚ್ಚಿಕೊಳ್ಳುತ್ತದೆ. ಮರಿಗೆ ದಾರಿಯೇ ಇಲ್ಲ. 35 ಮಿಲಿಮೀಟರಿನ ಚೌಕ ಕಣ್ಣು ಎಳೆದಾಗಲೂ ತೆರೆದೇ ಇರುತ್ತದೆ, ಸಣ್ಣವು ನುಸುಳಿ ಹೋಗುತ್ತವೆ. ವಿಜ್ಞಾನಿಗಳು ವರ್ಷಗಳಿಂದ ಇದನ್ನೇ ಹೇಳುತ್ತಿದ್ದಾರೆ. ಎರಡನೆಯದು ಅಳತೆ. ಕೇರಳ 58 ಜಾತಿಯ ಮೀನುಗಳಿಗೆ ಕನಿಷ್ಠ ಉದ್ದ ಗೊತ್ತುಮಾಡಿದೆ. ಬಂಗುಡೆಗೆ 14 ಸೆಂಟಿಮೀಟರ್, ಬೂತಾಯಿಗೆ 10. ಅದಕ್ಕಿಂತ ಸಣ್ಣದು ಹಿಡಿದರೆ ದಂಡ ಬೀಳುತ್ತದೆ. ಮೀನು ಮಂಜೇಶ್ವರದ ಹತ್ತಿರದ ಕೇರಳ ಗಡಿ ನೋಡಿ ತಿರುಗುವುದಿಲ್ಲ. ಒಂದು ಕಡೆ ಬಿಟ್ಟ ಮರಿಯನ್ನು ಇನ್ನೊಂದು ಕಡೆ ಹಿಡಿದರೆ ಬಿಟ್ಟವರು ಮೂರ್ಖರಾಗುತ್ತಾರೆ. ಇಡೀ ಪಶ್ಚಿಮ ಕರಾವಳಿಗೆ ಒಂದೇ ಅಳತೆ ಇರಬೇಕು, ಅದನ್ನು ಬಂದರಿನಲ್ಲೇ ನೋಡಬೇಕು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಳಿವೆಗಳ ಬಳಿ ಅವುಗಳ ಬೇರಿನ ನಡುವೆ ಎಷ್ಟೋ ಜಾತಿಯ ಮರಿ ಬೆಳೆಯುತ್ತವೆ. ಅಲ್ಲಿ ಮಣ್ಣು ತುಂಬಿ ಸೈಟ್ ಮಾಡಿದರೆ ಕಡಲಿನ ನಿಯಮಗಳಿಂದ ಏನೂ ಆಗದು.

ಇನ್ನು ನಿಮ್ಮ ಅರ್ಧ ಕಿಲೋ. ಮಾಮೂಲಿ ಬಾಲ್‌ಪೆನ್ ಸುಮಾರು 14 ಸೆಂಟಿಮೀಟರ್ ಇರುತ್ತದೆ. ಬಂಗುಡೆ ಮೂತಿಯಿಂದ ಬಾಲದ ತುದಿವರೆಗೆ ಅದಕ್ಕಿಂತ ಸಣ್ಣದಿದ್ದರೆ ಬಿಟ್ಟುಬಿಡಿ. ಆ ದಿನ ಬೊಳಂಜೀರ್ ಮೀನು ತನ್ನಿ. ಅದು ಬೆಳೆದರೂ ಸಣ್ಣದೇ, ಪುಳಿಮುಂಚಿಗೆ ಚೆನ್ನಾಗಿರುತ್ತದೆ. ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ಮೇಲೆ ಮಾತ್ರ ರೇಗಬೇಡಿ. ಬೆಳಗ್ಗೆ ಹರಾಜಿನಲ್ಲಿ ಸಿಕ್ಕಿದ್ದನ್ನು ಆಕೆ ತಂದಿದ್ದಾಳೆ. "ದೊಡ್ಡದು ಬಂದಾಗ ಹೇಳಿ, ತಗೊಳ್ತೇನೆ" ಅನ್ನಿ. ಗಿರಾಕಿ ಮರಿ ಬೇಡ ಅಂದರೆ ಆ ಮಾತು ಹರಾಜಿನವರೆಗೆ ತಲುಪುತ್ತದೆ. ಹೋಟೆಲಿನವರಿಗೂ ಇದನ್ನೇ ಹೇಳಿ, ಅವರು ಕೊಳ್ಳುವುದು ನಮಗಿಂತ ಎಷ್ಟೋ ಜಾಸ್ತಿ.

ಈ ಉತ್ತರವನ್ನು ಬೋಟ್ ಮಾಲೀಕರೋ ಬೋಟ್ ನಡೆಸುವ ತಾಂಡೇಲರೋ ಓದುತ್ತಿದ್ದರೆ ಅವರಲ್ಲೂ ಒಂದು ಕೇಳಿಕೆ. ಚೌಕ ಕಣ್ಣಿನ ಚೀಲ ಹಾಕಿ ನೋಡಿದ್ದೀರಾ? ಎಷ್ಟು ಮೀನು ತಪ್ಪಿತು, ಏನು ಕಷ್ಟವಾಯಿತು, ಬಲೆಗೆ ಎಷ್ಟು ಖರ್ಚು ಬಂತು ಎಂದು ಬರೆದು ಕಳಿಸಿ. ಆಗದು ಎನ್ನುವವರು ಯಾಕೆ ಆಗದು ಎಂದು ಬರೆಯಲಿ. ಎರಡನ್ನೂ ಅಚ್ಚು ಹಾಕುತ್ತೇವೆ.

- ಸಂಪಾದಕ