‘ನನ್ನಲ್ಲಿ ಸರಿಯಾಗಿಯೇ ಇದೆ’ ಎಂದಾಗ

ಪ್ರಶ್ನೆ: ನಾನು ಟೆಸ್ಟಿಂಗ್ ಕೆಲಸಕ್ಕೆ ಹೊಸಬಳು. ನಮ್ಮ ಜಾಲತಾಣದಲ್ಲಿ ಕಾರ್ಟ್‌ಗೆ ಹಾಕಿದ ವಸ್ತು ಒಮ್ಮೊಮ್ಮೆ ಮಾಯವಾಗುತ್ತದೆ, ರಿಫ್ರೆಶ್ ಮಾಡಿದರೆ ಮತ್ತೆ ಬರುತ್ತದೆ. ‘ನನ್ನಲ್ಲಿ ಸರಿಯಾಗಿಯೇ ಇದೆ’ ಎಂದು ಡೆವಲಪರ್ ಬಗ್ ಮುಚ್ಚಿಬಿಡುತ್ತಾರೆ. ಹಿರಿಯರು ಆರ್ಕಿಟೆಕ್ಚರ್ (ಜಾಲತಾಣದ ಭಾಗಗಳು ಹೇಗೆ ಜೋಡಣೆಯಾಗಿವೆ ಎಂಬುದು) ತಿಳಿದುಕೋ ಎನ್ನುತ್ತಾರೆ. ಕೋಡ್ ಬರೆಯದ ನನಗೆ ಅದೇಕೆ?

ಉತ್ತರ: ನಿಮ್ಮ ‘ಒಮ್ಮೊಮ್ಮೆ’ಯನ್ನು ‘ಹೀಗೆ ಮಾಡಿದರೆ ಪ್ರತಿ ಸಲ’ ಎಂದು ಬದಲಾಯಿಸಲು. ಅದಿಲ್ಲದೆ ನಿಮ್ಮ ಬಗ್ ಉಳಿಯುವುದಿಲ್ಲ.

ಡೆವಲಪರ್ ಸುಳ್ಳು ಹೇಳುತ್ತಿರಲಾರರು. ಅವರ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸರ್ವರ್. ಬಳಕೆದಾರರ ಮುಂದೆ ಲೋಡ್ ಬ್ಯಾಲೆನ್ಸರ್ ಇರುತ್ತದೆ, ಅದರ ಹಿಂದೆ ಎರಡೋ ನಾಲ್ಕೋ ಸರ್ವರ್‌ಗಳು. ಅದು ಕೋರಿಕೆಗಳನ್ನು ಹೆಚ್ಚಾಗಿ ಸರದಿಯಂತೆ ಹಂಚುತ್ತದೆ. ಕಾರ್ಟ್‌ನ ಮಾಹಿತಿ ಮೊದಲ ಸರ್ವರ್‌ನ ಮೆಮೊರಿಯಲ್ಲಷ್ಟೇ ಇದ್ದರೆ, ಎರಡನೆಯದಕ್ಕೆ ನೀವು ಯಾರೆಂದೇ ಗೊತ್ತಿಲ್ಲ. ನೀವು ಹೇಳಿದ ಲಕ್ಷಣ ನನಗೆ ಬಲವಾಗಿ ಇದನ್ನೇ ಸೂಚಿಸುತ್ತದೆ.

ಟೆಸ್ಟ್ ಪರಿಸರದಲ್ಲಿ ಒಂದೇ ಸರ್ವರ್ ಓಡಿಸಲು ಕೇಳಿ, ತೊಂದರೆ ನಿಲ್ಲಬೇಕು. ಎರಡನೆಯದನ್ನು ಸೇರಿಸಿ, ಮರಳಬೇಕು. ಅಷ್ಟನ್ನು ಬಗ್ ವರದಿಯಲ್ಲಿ ಬರೆದರೆ ಯಾರೂ ಮುಚ್ಚಲಾರರು. ಸರಿಪಡಿಸಿದ ಮೇಲೂ ಬಿಡಬೇಡಿ. ಒಬ್ಬ ಬಳಕೆದಾರನನ್ನು ಒಂದೇ ಸರ್ವರ್‌ಗೆ ಅಂಟಿಸುವ ‘ಸ್ಟಿಕಿ ಸೆಷನ್’ ಹಾಕಿ ಕೈತೊಳೆದುಕೊಳ್ಳುವುದುಂಟು. ಕಾರ್ಟ್ ತುಂಬಿಸಿ ಆ ಸರ್ವರನ್ನು ರೀಸ್ಟಾರ್ಟ್ ಮಾಡಿಸಿ ನೋಡಿ. ಖಾಲಿಯಾದರೆ ರೋಗ ಹಾಗೇ ಇದೆ. ಸೆಷನ್, ಅಂದರೆ ನಿಮ್ಮ ಕಾರ್ಟ್‌ನಂಥ ತಾತ್ಕಾಲಿಕ ಮಾಹಿತಿ, ಎಲ್ಲ ಸರ್ವರ್‌ಗಳೂ ಹಂಚಿಕೊಳ್ಳುವ ರೆಡಿಸ್‌ನಂಥ ಡೇಟಾ ಸಂಗ್ರಹಕ್ಕೆ ಹೋಗಬೇಕು.

ಹೆಸರು ಬದಲಿಸಿ ಸೇವ್ ಮಾಡಿದೊಡನೆ ಹಳೆಯ ಹೆಸರೇ ಕಾಣುವುದೂ ಇಂಥದ್ದೇ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು, ಕ್ಯಾಶೆ (ಬೇಗ ತೋರಿಸಲೆಂದು ಉಳಿಸಿಟ್ಟ ಪ್ರತಿ) ನಿಷ್ಕ್ರಿಯಗೊಳಿಸಿ ನೋಡಿ. ಆಗಲೂ ಹಳೆಯದೇ ಬಂದರೆ ಬ್ರೌಸರ್ ಕ್ಯಾಶೆಯ ತಪ್ಪಲ್ಲ. ಸರ್ವರ್ ಕಡೆಯ ಕ್ಯಾಶೆ ಇರಬಹುದು, ಅಥವಾ ಮುಖ್ಯ ಡೇಟಾಬೇಸ್‌ನ ಬದಲಾವಣೆ, ಓದಲೆಂದೇ ಇಟ್ಟ ಅದರ ನಕಲಿಗೆ ಇನ್ನೂ ತಲುಪಿಲ್ಲದಿರಬಹುದು.

ಅದೇ ಟ್ಯಾಬ್‌ನಲ್ಲಿ ಸ್ಟೇಟಸ್ ಸಂಖ್ಯೆಯನ್ನೂ ಗಮನಿಸಿ. 500 ಬಂದರೆ ಸಾಮಾನ್ಯವಾಗಿ ಅಪ್ಲಿಕೇಶನ್ನೇ ಎಡವಿದೆ. 502 ಎಂದರೆ ನಡುವಿನ ಗೇಟ್‌ವೇಗೆ (ಲೋಡ್ ಬ್ಯಾಲೆನ್ಸರ್‌ನಂಥದ್ದಕ್ಕೆ) ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಸಿಕ್ಕಿಲ್ಲ. 504 ಎಂದರೆ ಉತ್ತರ ಹೊತ್ತಿಗೆ ಸರಿಯಾಗಿ ಬಂದಿಲ್ಲ. ‘ಪುಟ ತೆರೆಯುತ್ತಿಲ್ಲ’ ಎಂದಷ್ಟೇ ಬರೆಯಬೇಡಿ, ದಯವಿಟ್ಟು.

ಕೋಡ್ ಆಮೇಲೆ ಕಲಿತರಾಯಿತು. ಈ ವಾರ ನಿಮ್ಮ ಡೆವಲಪರ್ ಜೊತೆ ಕುಳಿತು, ಒಂದು ಕ್ಲಿಕ್ ಎಲ್ಲೆಲ್ಲಿ ಹೋಗಿ ಬರುತ್ತದೆ ಎಂಬುದನ್ನು ಕಾಗದದ ಮೇಲೆ ಚೌಕಗಳಾಗಿ ಬರೆಸಿಕೊಳ್ಳಿ. ಪ್ರತಿ ಚೌಕದ ಪಕ್ಕದಲ್ಲಿ ‘ಇದು ನಿಂತುಹೋದರೆ?’ ಎಂದು ಬರೆಯಿರಿ. ನಿಮ್ಮ ಮುಂದಿನ ಟೆಸ್ಟ್ ಕೇಸ್‌ಗಳು ಅಲ್ಲಿವೆ.